ಡಿ-ವಿಎಚ್‌ಎಸ್: ಕ್ಯಾಸೆಟ್ಟಿನಲ್ಲಿ ಎಚ್‌ಡಿ ನೋಡಿದ ಕಾಲದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅದೇ ಹಳೇ ವಿಎಚ್‌ಎಸ್ ಗಾತ್ರದ ಕಪ್ಪು ಕ್ಯಾಸೆಟ್. ಒಳಗೆ 1080ಐ ಎಚ್‌ಡಿ ಸಿನಿಮಾ. ಇದು ತಮಾಷೆಯಲ್ಲ. 2002ರಲ್ಲಿ ಅಮೆರಿಕದ ಅಂಗಡಿಗಳಲ್ಲಿ ದುಡ್ಡು ಕೊಟ್ಟರೆ ಸಿಗುತ್ತಿತ್ತು. ಬ್ಲೂ-ರೇ ಸಿನಿಮಾಗಳು ಬಂದದ್ದು ಅದಾಗಿ ನಾಲ್ಕು ವರ್ಷಕ್ಕೆ. ಈ ಟೇಪಿನ ಹೆಸರು ಡಿ-ವಿಎಚ್‌ಎಸ್. ಕೊಂಡವರು ಕಡಿಮೆ. ಆದರೆ ಕೊಂಡವರು ಇದನ್ನು ಬಿಟ್ಟುಕೊಡಲು ತಯಾರಿರಲಿಲ್ಲ, ಕೆಲವರು ಈಗಲೂ ಬಿಟ್ಟಿಲ್ಲ. ಹಳೇ ವಿಡಿಯೋ ಸಾಮಾನಿನ ಹುಚ್ಚು ಇರುವ ಗೆಳೆಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಡಿ-ವಿಎಚ್‌ಎಸ್ ಅಂದರೆ ಏನು?

ವಿಎಚ್‌ಎಸ್ ಕ್ಯಾಸೆಟ್ಟಿನ ಡಿಜಿಟಲ್ ರೂಪ. ವಿಎಚ್‌ಎಸ್ ಹುಟ್ಟುಹಾಕಿದ ಜಪಾನಿನ ಜೆವಿಸಿ ಕಂಪನಿಯೇ ಇದನ್ನೂ ಮುಂದೆ ನಿಂತು ಮಾಡಿತು. ಹಿಟಾಚಿ, ಮತ್ಸುಶಿತಾ, ಫಿಲಿಪ್ಸ್ ಜೊತೆಗಿದ್ದವು. ಮತ್ಸುಶಿತಾ ಅಂದರೆ ನಮಗೆ ಪ್ಯಾನಸೋನಿಕ್ ಅಂತ ಗೊತ್ತಿರುವ ಕಂಪನಿ. 1990ರ ದಶಕದ ಕೊನೆಗೆ ಮೊದಲ ಯಂತ್ರಗಳು ಮಾರುಕಟ್ಟೆಗೆ ಬಂದವು.

ಇದರ ಒಳಗುಟ್ಟು ಸರಳ. ಈ ಯಂತ್ರ ಹಳೇ ವಿಸಿಆರ್ ಹಾಗೆ ಚಿತ್ರವನ್ನು ಅಲೆಯಾಗಿ ಬರೆಯುವುದಿಲ್ಲ. ಡಿಜಿಟಲ್ ಟಿವಿ ಪ್ರಸಾರದಲ್ಲಿ ಎಂಪೆಗ್-2 ಅನ್ನುವ ಪದ್ಧತಿಯಲ್ಲಿ ಅಡಕ ಮಾಡಿ ಕಳಿಸುವ ಬಿಟ್‌ಗಳನ್ನು ಬಂದ ಹಾಗೇ ಟೇಪಿಗೆ ಇಳಿಸುತ್ತದೆ. ಅದು ಸಿನಿಮಾನೋ ಕ್ರಿಕೆಟ್ಟೋ ವಾರ್ತೆಯೋ, ಟೇಪಿಗೆ ಅದರ ಗೊಡವೆ ಇಲ್ಲ. ಮತ್ತೆ ಹಾಕಿದಾಗ ಅವೇ ಬಿಟ್‌ಗಳು ಹೊರಗೆ ಬರುತ್ತವೆ. ಒಂದು ಬಿಟ್ ಜಾಸ್ತಿ ಇಲ್ಲ, ಕಡಿಮೆ ಇಲ್ಲ.

ಅಷ್ಟೊಂದು ಮಾಹಿತಿ ಒಂದು ಕ್ಯಾಸೆಟ್ಟಿನಲ್ಲಿ ಹೇಗೆ ಹಿಡಿಯುತ್ತದೆ?

ಟೇಪು ಉದ್ದ ಇದೆಯಲ್ಲ, ಅದಕ್ಕೇ. ಅರ್ಧ ಇಂಚು ಅಗಲ, ನೂರಾರು ಮೀಟರ್ ಉದ್ದ. 12 ಸೆಂಟಿಮೀಟರ್ ಡಿಸ್ಕಿಗೆ ಹೋಲಿಸಿದರೆ ಜಾಗಕ್ಕೆ ಬರವೇ ಇಲ್ಲ.

ರೆಕಾರ್ಡಿಂಗ್‌ಗೆ ಮುಖ್ಯವಾಗಿ ಮೂರು ವೇಗಗಳು. ಎಚ್‌ಎಸ್ ಅಂದರೆ ಸೆಕೆಂಡಿಗೆ 28.2 ಮೆಗಾಬಿಟ್, ಇದು ಎಚ್‌ಡಿಗೆ. ಎಸ್‌ಟಿಡಿ ಅಂದರೆ 14.1 ಮೆಗಾಬಿಟ್, ಮಾಮೂಲಿ ಡಿಜಿಟಲ್ ಚಿತ್ರಕ್ಕೆ. ಎಲ್‌ಎಸ್3 ಅಂದರೆ 4.7 ಮೆಗಾಬಿಟ್, ಗಂಟೆಗಟ್ಟಲೆ ಧಾರಾವಾಹಿ ಹಿಡಿದಿಡುವವರಿಗೆ. ಎಚ್‌ಎಸ್‌ನಲ್ಲಿ ಟೇಪು ಓಡುವ ವೇಗ ಅಮೆರಿಕದ ಹಳೇ ವಿಎಚ್‌ಎಸ್‌ನ ಎಸ್‌ಪಿ, ಅಂದರೆ ಮಾಮೂಲಿ ವೇಗವೇ. ಎಸ್‌ಟಿಡಿಯಲ್ಲಿ ಅದರ ಅರ್ಧ, ಅಂದರೆ ಹೆಚ್ಚುಕಡಿಮೆ ನಿಮಿಷಕ್ಕೆ ಒಂದು ಮೀಟರ್.

ಕ್ಯಾಸೆಟ್ಟಿನ ಮೇಲಿರುವ ಅಂಕಿ ಓದುವುದು ಇದರಿಂದ ಸುಲಭ. ಡಿಎಫ್-240 ಅಂದರೆ ಎಸ್‌ಟಿಡಿಯಲ್ಲಿ 240 ನಿಮಿಷ, ಎಚ್‌ಡಿಯಲ್ಲಿ ಅದರ ಅರ್ಧ, 2 ಗಂಟೆ. ಡಿಎಫ್-420ರಲ್ಲಿ ಮೂರೂವರೆ ಗಂಟೆ ಎಚ್‌ಡಿ. ಎಲ್ಲಕ್ಕಿಂತ ದೊಡ್ಡ ಡಿಎಫ್-480ರಲ್ಲಿ 4 ಗಂಟೆ ಎಚ್‌ಡಿ, ಅಂದರೆ ಸುಮಾರು 50 ಜಿಬಿ. ಎರಡು ಗಂಟೆಯ ಟೇಪು 25 ಜಿಬಿ ಆಗುತ್ತದೆ, ಮುಂದೆ ಬಂದ ಒಂದು ಪದರದ ಬ್ಲೂ-ರೇ ಡಿಸ್ಕಿನ ಅಳತೆಯೂ ಅಷ್ಟೇ. ಆ ಹೊತ್ತಿಗೆ ಎರಡು ಪದರದ ಡಿವಿಡಿಯಲ್ಲಿ ಸಿಗುತ್ತಿದ್ದದ್ದು 8.5 ಜಿಬಿ.

ಎಲ್‌ಎಸ್3ರಲ್ಲಿ ಒಂದೇ ದೊಡ್ಡ ಕ್ಯಾಸೆಟ್ 24 ಗಂಟೆ ಓಡುತ್ತಿತ್ತು. ಅದರಲ್ಲಿ ಬೇಕಾದ ಕಾರ್ಯಕ್ರಮ ಹುಡುಕುವುದು ಮಾತ್ರ ದೇವರಿಗೇ ಪ್ರೀತಿ.

ಮನೆಗೆ ಬಂದ ಮೊದಲ ಎಚ್‌ಡಿ ಟೇಪು ಇದೇನಾ?

ಅಲ್ಲ. ಜಪಾನಿನಲ್ಲಿ ಎಚ್‌ಡಿ ಪ್ರಸಾರ ಅನಲಾಗ್ ಕಾಲದಲ್ಲೇ ಶುರುವಾಗಿತ್ತು. ಹೈ-ವಿಷನ್ ಅಂತ ಅದರ ಹೆಸರು, 1125 ಗೆರೆಗಳ ಚಿತ್ರ. ಅದನ್ನು ಹಿಡಿಯಲು ಜೆವಿಸಿಯೇ 1990ರ ದಶಕದ ಮೊದಲ ಭಾಗದಲ್ಲಿ ಡಬ್ಲ್ಯು-ವಿಎಚ್‌ಎಸ್ ಅನ್ನುವ ಅನಲಾಗ್ ಟೇಪು ತಂದಿತು. ಅದೇ ಹೊತ್ತಿಗೆ ಹೈ-ವಿಷನ್ ಲೇಸರ್‌ಡಿಸ್ಕ್ ಕೂಡ ಬಂತು. ಎರಡೂ ವಿಪರೀತ ದುಬಾರಿ. ಜಪಾನಿನ ಹೊರಗೆ ನೋಡಿದವರೇ ಅಪರೂಪ. ಉತ್ಸಾಹಿಗಳ ಒಂದು ದಂಡೇ ಬೆನ್ನಿಗೆ ನಿಂತ ಮೊದಲ ಎಚ್‌ಡಿ ಟೇಪು ಯಾವುದು ಅಂದರೆ ಡಿ-ವಿಎಚ್‌ಎಸ್ಸೇ.

ಡಿವಿಡಿ ಆಗಲೇ ಇತ್ತಲ್ಲ? ಮತ್ತೆ ಟೇಪಿಗೆ ಯಾಕೆ ವಾಪಸ್ ಹೋದರು?

ಎಲ್ಲರೂ ಕೇಳುವ ಪ್ರಶ್ನೆ ಇದೇ. ಡಿವಿಡಿ 1997ರ ಹೊತ್ತಿಗೆ ಅಮೆರಿಕಕ್ಕೆ ಬಂದಿತ್ತು. ಚಿಕ್ಕದು, ಹೊಳೆಯುತ್ತದೆ, ರಿವೈಂಡ್ ಮಾಡಬೇಕಾಗಿಲ್ಲ. ಹಾಗಿದ್ದೂ ಒಂದಷ್ಟು ಜನ ತಿರುಗಿ ಕ್ಯಾಸೆಟ್ ಕೈಗೆ ತೆಗೆದುಕೊಂಡರು.

ಲೆಕ್ಕ ನೋಡಿ. ಅಮೆರಿಕದ ಡಿವಿಡಿ ಚಿತ್ರ ಅಡ್ಡಕ್ಕೆ 720, ಉದ್ದಕ್ಕೆ 480 ಚುಕ್ಕೆ. 1080ಐ ಚಿತ್ರ 1920 ಮತ್ತು 1080. ಚುಕ್ಕೆಗಳ ಲೆಕ್ಕದಲ್ಲಿ ಸರಿಯಾಗಿ ಆರು ಪಟ್ಟು. ಮನೆಯಲ್ಲಿ ಚಿಕ್ಕ ಟಿವಿ ಇದ್ದವರಿಗೆ ಇದು ಗೊತ್ತಾಗುತ್ತಲೇ ಇರಲಿಲ್ಲ. ಆದರೆ ಈ ಉತ್ಸಾಹಿಗಳ ಮನೆಯಲ್ಲಿ ಇದ್ದದ್ದು ಮೂರು ಕೊಳವೆಯ ಸಿಆರ್‌ಟಿ ಪ್ರೊಜೆಕ್ಟರ್, ಇಲ್ಲವೇ ಬೀರುವಿನಷ್ಟು ದೊಡ್ಡ ಪ್ರೊಜೆಕ್ಷನ್ ಟಿವಿ. ಗೋಡೆ ತುಂಬ ಪರದೆ ಕಟ್ಟಿದವರಿಗೆ ಡಿವಿಡಿಯ ಕೊರತೆ ಎದ್ದು ಕಾಣುತ್ತಿತ್ತು.

ಇನ್ನೊಂದು ಕಾರಣ ಇನ್ನೂ ದೊಡ್ಡದು. ಡಿವಿಡಿಯಲ್ಲಿ ಎಚ್‌ಡಿ ಪ್ರಸಾರವನ್ನು ರೆಕಾರ್ಡ್ ಮಾಡಲು ಆಗುತ್ತಿರಲಿಲ್ಲ. ಅಮೆರಿಕದ ಗಾಳಿಯಲ್ಲಿ ಬರುವ ಡಿಜಿಟಲ್ ಟಿವಿ ಸೆಕೆಂಡಿಗೆ 19.39 ಮೆಗಾಬಿಟ್. ಡಿವಿಡಿ ಚಿತ್ರದ ಮಿತಿ 9.8. ಹಾರ್ಡ್‌ಡಿಸ್ಕ್ ಇನ್ನೂ ಚಿಕ್ಕದು, ದುಬಾರಿ. ಟೇಪಿನ 28.2ರಲ್ಲಿ ಮಾತ್ರ ಇಡೀ ಪ್ರಸಾರ ಆರಾಮಾಗಿ ಕೂರುತ್ತಿತ್ತು. ನನ್ನ ಕೇಳಿದರೆ ಡಿ-ವಿಎಚ್‌ಎಸ್‌ನ ನಿಜವಾದ ಸೊಗಸು ಇಲ್ಲೇ ಇದೆ. ಅಂಗಡಿಯ ಸಿನಿಮಾ ಟೇಪುಗಳ ಬಗ್ಗೆ ಜನ ಜಾಸ್ತಿ ಮಾತಾಡುತ್ತಾರೆ. ಆದರೆ ಚಾನೆಲ್ ಕಳಿಸಿದ ಚಿತ್ರವನ್ನು ಒಂದಿಷ್ಟೂ ಕೆಡದಂತೆ ಮನೆಯಲ್ಲಿ ಇಟ್ಟುಕೊಳ್ಳುವ ಅವಕಾಶ ಸಾಮಾನ್ಯ ಜನಕ್ಕೆ ಅದಕ್ಕೂ ಮೊದಲು ಸಿಕ್ಕೇ ಇರಲಿಲ್ಲ.

ಏನೇನು ರೆಕಾರ್ಡ್ ಮಾಡುತ್ತಿದ್ದರು?

ಎಚ್‌ಡಿಯಲ್ಲಿ ಬಂದದ್ದೆಲ್ಲ! ಕಾರಣ, ಬರುತ್ತಿದ್ದದ್ದೇ ಅಷ್ಟು. 1999ರ ಮಾರ್ಚಿನಲ್ಲಿ ಎಚ್‌ಬಿಒ ಎಚ್‌ಡಿ ಶುರು ಮಾಡಿತು. ಅದೇ ವರ್ಷ ಎನ್‌ಬಿಸಿಯ ತಡರಾತ್ರಿಯ ಮಾತುಕತೆ ಕಾರ್ಯಕ್ರಮ ಎಚ್‌ಡಿಗೆ ಬಂತು, ಎಬಿಸಿ ಸೋಮವಾರದ ಫುಟ್‌ಬಾಲ್ ಆಟಗಳನ್ನು 720ಪಿಯಲ್ಲಿ, ಅಂದರೆ 720 ಗೆರೆಗಳ ಎಚ್‌ಡಿಯಲ್ಲಿ ತೋರಿಸಿತು. ಸಿಬಿಎಸ್ ಸಂಜೆ ಹೊತ್ತಿನ ಧಾರಾವಾಹಿಗಳನ್ನು 1080ಐಗೆ ಬದಲಿಸಿತು. 2001ರಲ್ಲಿ ಉದ್ಯಮಿ ಮಾರ್ಕ್ ಕ್ಯೂಬನ್ ಪಾಲುದಾರರಾಗಿ ಎಚ್‌ಡಿನೆಟ್ ಅನ್ನುವ ಇಡೀ ದಿನದ ಎಚ್‌ಡಿ ಚಾನೆಲ್ ಬಂದಾಗ ಇವರಿಗೆಲ್ಲ ಹಬ್ಬ.

ಕಥೆ ಹೇಗಿದ್ದರೂ ಸರಿ, ಚಿತ್ರ ಚೆನ್ನಾಗಿದ್ದರೆ ಸಾಕು ಅನ್ನುವ ಕಾಲ ಅದು. ಹಕ್ಕಿಗಳು, ಹವಳದ ದಿಬ್ಬ, ಮೇಲಿಂದ ತೆಗೆದ ಊರಿನ ನೋಟ, ಇಂಥವನ್ನೆಲ್ಲ ಟೇಪಿಗೆ ತುಂಬಿ, ಮನೆಗೆ ಬಂದ ನೆಂಟರನ್ನು ಕೂರಿಸಿ ತೋರಿಸುವುದು. ನೆಂಟರ ಕಷ್ಟ ಯಾರಿಗೂ ಬೇಡ.

ಜಪಾನಿನಲ್ಲಿ 2000ದ ಡಿಸೆಂಬರಿನಲ್ಲಿ ಉಪಗ್ರಹದ ಡಿಜಿಟಲ್ ಎಚ್‌ಡಿ ಪ್ರಸಾರ ಶುರುವಾಯಿತು. ಅಲ್ಲಿನ ಹವ್ಯಾಸಿಗಳೂ ಇದನ್ನೇ ಮಾಡಿದರು. ಸಂಗೀತ ಕಚೇರಿ, ಅನಿಮೆ, ಪ್ರವಾಸದ ಕಾರ್ಯಕ್ರಮ ಎಲ್ಲವನ್ನೂ ಹೆಸರು ಬರೆದು, ಸಂಖ್ಯೆ ಹಾಕಿ ಕಪಾಟಿನಲ್ಲಿ ಜೋಡಿಸಿದರು.

ಯಾವ ಯಾವ ಡೆಕ್‌ಗಳು ಹೆಸರು ಮಾಡಿದವು?

ಡೆಕ್ ಅಂದರೆ ಟೇಪು ಓಡಿಸುವ ಯಂತ್ರ. ಅಮೆರಿಕದಲ್ಲಿ ಮೊದಲು ಸದ್ದು ಮಾಡಿದ್ದು ಪ್ಯಾನಸೋನಿಕ್‌ನ ಪಿವಿ-ಎಚ್‌ಡಿ1000. ಅದು ಒಂದೇ ಇದ್ದರೆ ಎಚ್‌ಡಿಗೆ ಉಪಯೋಗವಿಲ್ಲ. ಅದೇ ಕಂಪನಿಯ ಎಚ್‌ಡಿ ರಿಸೀವರ್ ಪೆಟ್ಟಿಗೆಯನ್ನೂ ಜೊತೆಗೆ ಜೋಡಿಸಬೇಕಿತ್ತು. ಮಿತ್ಸುಬಿಷಿಯ ಎಚ್‌ಎಸ್-ಎಚ್‌ಡಿ2000ಯು ಕೂಡ ಸ್ವಂತವಾಗಿ ಚಿತ್ರ ಬಿಡಿಸುತ್ತಿರಲಿಲ್ಲ. ಫೈರ್‌ವೈರ್ ಕೇಬಲ್ಲಿನ ಕಿಂಡಿ ಇರುವ ಮಿತ್ಸುಬಿಷಿ ಟಿವಿಗೆ ಬಿಟ್ ಕಳಿಸುವುದಷ್ಟೇ ಅದರ ಕೆಲಸ, ಚಿತ್ರ ಮಾಡಿಕೊಳ್ಳುವುದು ಟಿವಿಯ ಪಾಲು.

ಎಲ್ಲರೂ ಕಾಯುತ್ತಿದ್ದದ್ದು ಜೆವಿಸಿಯ ಎಚ್‌ಎಂ-ಡಿಎಚ್30000ಯು. ಬೆಲೆ ಸುಮಾರು 2000 ಡಾಲರ್. ಇದರಲ್ಲಿ ಚಿತ್ರ ಬಿಡಿಸುವ ಭಾಗ ಒಳಗೇ ಇತ್ತು. ಕೆಂಪು, ಹಸಿರು, ನೀಲಿ ತುದಿಯ ಕಾಂಪೊನೆಂಟ್ ಕೇಬಲ್ ಹಾಕಿದರೆ ಯಾವ ಎಚ್‌ಡಿ ಟಿವಿಗಾದರೂ ನಡೆಯುತ್ತಿತ್ತು. ಹಳೇ ವಿಎಚ್‌ಎಸ್, ಅದರ ಸುಧಾರಿತ ರೂಪವಾದ ಎಸ್-ವಿಎಚ್‌ಎಸ್ ಟೇಪುಗಳೂ ಇದರಲ್ಲಿ ಓಡುತ್ತಿದ್ದವು. ಮಾರಾಂಟ್ಜ್ ಕಂಪನಿಯ ಎಂವಿ8300 ಕೂಡ ಸಿನಿಮಾ ಟೇಪು ಓಡಿಸುವ ಡೆಕ್. ಕೊನೆಗೆ ಬಂದದ್ದು ಜೆವಿಸಿಯ ಎಚ್‌ಎಂ-ಡಿಟಿ100ಯು. ಅದರಲ್ಲಿ ಎಚ್‌ಡಿಎಂಐ ಕಿಂಡಿಯೂ ಡಿಜಿಟಲ್ ಟಿವಿ ಟ್ಯೂನರೂ ಇವೆ. ಈಗ ಎಲ್ಲರೂ ಹುಡುಕುವುದು ಇದನ್ನೇ.

ಫೈರ್‌ವೈರ್ ಅಂತ ಇಷ್ಟೊಂದು ಹೇಳುತ್ತಾರಲ್ಲ, ಏನದು?

ಒಂದು ತೆಳ್ಳನೆ ಕೇಬಲ್. ಐಇಇಇ 1394 ಅಂತ ಅದರ ಅಧಿಕೃತ ಹೆಸರು, ಜಪಾನಿನ ಸಾಮಾನುಗಳ ಮೇಲೆ ಐ.ಲಿಂಕ್ ಅಂತ ಬರೆದಿರುತ್ತಿತ್ತು. ಈ ಒಂದೇ ಕೇಬಲ್ಲಿನಲ್ಲಿ ಚಿತ್ರ, ಧ್ವನಿ, ಪ್ಲೇ-ಸ್ಟಾಪ್ ಆಜ್ಞೆ ಎಲ್ಲ ಹೋಗುತ್ತದೆ. ಡೆಕ್ಕಿಂದ ಡೆಕ್ಕಿಗೆ, ಡೆಕ್ಕಿಂದ ಟಿವಿಗೆ, ಕೊನೆಗೆ ಡೆಕ್ಕಿಂದ ಕಂಪ್ಯೂಟರಿಗೆ.

ಕಂಪ್ಯೂಟರಿಗೆ ಹೋಗುತ್ತದೆ ಅಂತ ಗೊತ್ತಾದ ದಿನ ಹವ್ಯಾಸಿಗಳ ಕೈ ಸುಮ್ಮನಿರಲಿಲ್ಲ. ಆಪಲ್ ತನ್ನ ಡೆವಲಪರ್‌ಗಳಿಗೆ ಕೊಟ್ಟ ಫೈರ್‌ವೈರ್ ಕಿಟ್‌ನಲ್ಲಿ ಡಿವಿಎಚ್‌ಎಸ್‌ಕ್ಯಾಪ್ ಅನ್ನುವ ಪುಟ್ಟ ಪ್ರೋಗ್ರಾಂ ಇತ್ತು. ವಿಂಡೋಸ್‌ನಲ್ಲಿ ಕ್ಯಾಪ್‌ಡಿವಿಎಚ್‌ಎಸ್. ಟೇಪು ಓಡಿಸಿದರೆ ಎಂಪೆಗ್ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಕಡತ ಹಾಗೇ ಹಾರ್ಡ್‌ಡಿಸ್ಕಿಗೆ ಬಂದು ಬೀಳುತ್ತಿತ್ತು. ಜಾಹೀರಾತು ಕತ್ತರಿಸಿ, ಮತ್ತೆ ಹೊಸ ಟೇಪಿಗೆ ಬರೆದು ಇಡುತ್ತಿದ್ದರು. ಕಂಪ್ಯೂಟರ್ ತಾನೊಂದು ಡಿ-ವಿಎಚ್‌ಎಸ್ ಡೆಕ್ ಅಂತ ನಟಿಸುವಂತೆ ಮಾಡುವ ಪ್ರೋಗ್ರಾಂ ಕೂಡ ಮ್ಯಾಕ್‌ನಲ್ಲಿ ಇತ್ತು.

ಅಮೆರಿಕದ ಸಂವಹನ ಆಯೋಗ, ಅಂದರೆ ಎಫ್‌ಸಿಸಿ, ಒಂದು ನಿಯಮ ಮಾಡಿತು. 2004ರ ಏಪ್ರಿಲ್ 1ರಿಂದ ಗ್ರಾಹಕರು ಕೇಳಿದರೆ ಕೇಬಲ್ ಕಂಪನಿ ಕೆಲಸ ಮಾಡುವ 1394 ಕಿಂಡಿ ಇರುವ ಎಚ್‌ಡಿ ಪೆಟ್ಟಿಗೆಯನ್ನೇ ಕೊಡಬೇಕಿತ್ತು. ಕೇಬಲ್ ಕಚೇರಿಯ ಕಿಟಕಿಯಲ್ಲಿ ಕೂತವರಿಗೆ ಆ ಕಿಂಡಿಯ ಹೆಸರೇ ಗೊತ್ತಿಲ್ಲದಿದ್ದಾಗ ಉತ್ಸಾಹಿಗಳು ನಿಯಮದ ಪ್ರತಿ ಹಿಡಿದು ವಾದಿಸುವುದೂ ಇತ್ತು.

ಕಾಪಿ ಮಾಡಬಾರದು ಅನ್ನುವ ತಡೆ ಇರಲಿಲ್ವಾ?

ಇತ್ತು. ಹಿಟಾಚಿ, ಇಂಟೆಲ್, ಮತ್ಸುಶಿತಾ, ಸೋನಿ, ತೋಷಿಬಾ ಐದೂ ಸೇರಿ ಮಾಡಿದ ವ್ಯವಸ್ಥೆಗೆ 5ಸಿ ಅಂತ ಕರೆಯುತ್ತಿದ್ದರು. ಪ್ರಸಾರದ ಜೊತೆಗೇ ಒಂದು ಗುರುತು ಬರುತ್ತಿತ್ತು: ಎಷ್ಟು ಬೇಕಾದರೂ ಕಾಪಿ ಮಾಡಿ, ಒಂದೇ ಸಲ ಮಾಡಿ, ಮಾಡಲೇಬೇಡಿ. ಗಾಳಿಯಲ್ಲಿ ಬರುವ ಉಚಿತ ಚಾನೆಲ್‌ಗಳು ಮುಕ್ತ. ಎಚ್‌ಬಿಒ ಥರದ ದುಡ್ಡಿನ ಚಾನೆಲ್‌ಗೆ ಒಂದೇ ಸಲ. ಹಾಗೆ ಒಂದು ಸಲ ಟೇಪಿಗೆ ಇಳಿದದ್ದು ಇನ್ನೊಂದು ಟೇಪಿಗೆ ಹೋಗುವುದಿಲ್ಲ.

ಉತ್ಸಾಹಿಗಳ ನಿಜವಾದ ಭಯ ಬೇರೆ. ಆಗಿನ ಬಹುಪಾಲು ಎಚ್‌ಡಿ ಟಿವಿಗಳಲ್ಲಿ ಇದ್ದದ್ದು ಅನಲಾಗ್ ಕಾಂಪೊನೆಂಟ್ ಕಿಂಡಿ ಮಾತ್ರ. ಸಾವಿರಾರು ಡಾಲರ್ ಕೊಟ್ಟು ಟಿವಿ ತಂದ ಮೇಲೆ, ಕಳ್ಳತನ ತಡೆಯುತ್ತೇವೆ ಅಂತ ಆ ಕಿಂಡಿಯಲ್ಲಿ ಚಿತ್ರವನ್ನು ಮಂಕು ಮಾಡಿದರೆ ಏನು ಗತಿ? ದುಡ್ಡು ಕೊಟ್ಟ ಗ್ರಾಹಕನನ್ನೇ ಕಳ್ಳನ ಥರ ನೋಡುತ್ತಾರೆ ಅನ್ನುವ ಸಿಟ್ಟು ಆ ಕಾಲದ ಮಾತುಗಳಲ್ಲೆಲ್ಲ ಕಾಣುತ್ತದೆ. ಸಿಟ್ಟು ನ್ಯಾಯವಾದದ್ದೇ. 2003ರ ನವೆಂಬರಿನಲ್ಲಿ ಎಫ್‌ಸಿಸಿ ಉಚಿತ ಪ್ರಸಾರಕ್ಕೂ ತಡೆಯ ಗುರುತು ಹಾಕುವ ನಿಯಮ ತಂದಾಗ ಇದು ಇನ್ನೂ ಜಾಸ್ತಿಯಾಯಿತು. 2005ರ ಮೇ ತಿಂಗಳಲ್ಲಿ ನ್ಯಾಯಾಲಯ ಆ ನಿಯಮವನ್ನು ತಳ್ಳಿಹಾಕಿತು, ಜಾರಿಗೆ ಬರಲು ಎರಡು ತಿಂಗಳೂ ಉಳಿದಿರಲಿಲ್ಲ.

ಜಪಾನಿನವರಿಗೆ ಆ ಅದೃಷ್ಟ ಇರಲಿಲ್ಲ. ಅಲ್ಲಿ 2004ರ ಏಪ್ರಿಲಿನಿಂದ ಉಚಿತ ಚಾನೆಲ್‌ಗಳಿಗೂ ಒಂದೇ ಕಾಪಿಯ ನಿಯಮ ಬಂತು.

ಡಿ-ಥಿಯೇಟರ್ ಅಂದರೆ?

ಅಂಗಡಿಯಲ್ಲಿ ಮಾರುವ ಸಿನಿಮಾ ಟೇಪುಗಳಿಗೆ ಇಟ್ಟ ಹೆಸರು. ಟೇಪು ಡಿ-ವಿಎಚ್‌ಎಸ್ಸೇ, ಆದರೆ ಒಳಗಿನ ಬಿಟ್‌ಗಳಿಗೆ ಬೀಗ. ಆ ಬೀಗದ ಕೈ ಇರುವ ಡೆಕ್‌ನಲ್ಲಿ ಮಾತ್ರ ಓಡುತ್ತದೆ. ಮಿತ್ಸುಬಿಷಿ, ಹಳೇ ಪ್ಯಾನಸೋನಿಕ್ ಡೆಕ್ ಕೊಂಡವರು ಇದನ್ನು ನೋಡಲಾಗದೆ ಹಲ್ಲು ಕಡಿದರು.

2002ರ ಜೂನಿನಲ್ಲಿ ಅಮೆರಿಕದಲ್ಲಿ ಶುರುವಾಯಿತು. ನಾಲ್ಕು ಸ್ಟುಡಿಯೋಗಳು ಬಂದವು: ಟ್ವೆಂಟಿಯತ್ ಸೆಂಚುರಿ ಫಾಕ್ಸ್, ಯೂನಿವರ್ಸಲ್, ಡ್ರೀಮ್‌ವರ್ಕ್ಸ್, ಆರ್ಟಿಸನ್. ವಾರ್ನರ್, ಡಿಸ್ನಿ, ಸೋನಿ, ಪ್ಯಾರಾಮೌಂಟ್ ಬರಲಿಲ್ಲ. ಇದರಲ್ಲಿ ಒಂದು ತಮಾಷೆ ಇದೆ. ಸಿನಿಮಾ ಟೇಪಿಗೆ ಎಲ್ಲರಿಗಿಂತ ಮುಂದೆ ಬಂದದ್ದು ಫಾಕ್ಸ್. ಆದರೆ ಅದೇ ಹೆಸರಿನ ಟಿವಿ ಚಾನೆಲ್ 2004ರವರೆಗೂ ಎಚ್‌ಡಿ ಕೊಡಲೇ ಇಲ್ಲ, 480 ಗೆರೆಗಳ 480ಪಿ ಸಾಕು ಅಂತ ಕೂತಿತ್ತು.

ಒಂದು ಟೇಪಿನ ಬೆಲೆ 35ರಿಂದ 45 ಡಾಲರ್ ಆಸುಪಾಸು. ಮೆನು ಇಲ್ಲ. ನಿರ್ದೇಶಕರ ಮಾತು, ತೆರೆಮರೆಯ ಚಿತ್ರ ಯಾವುದೂ ಇಲ್ಲ. ಟೇಪು ಹಾಕಿ, ಸಿನಿಮಾ ನೋಡಿ, ರಿವೈಂಡ್ ಮಾಡಿ, ಅಷ್ಟೇ. ನನಗೇನೋ ಇದೇ ಹಿತ ಅನಿಸುತ್ತದೆ. ಕೊನೆಯದಾಗಿ ಬಂದ ಸಿನಿಮಾ ಐ, ರೋಬೋಟ್.

ಒಂದು ಸಿನಿಮಾದ ಕಥೆ ಮಾತ್ರ ಹೇಳಲೇಬೇಕು. ಟ್ರೂ ಲೈಸ್ ಡಿ-ಥಿಯೇಟರ್‌ನಲ್ಲಿ ಬಂತು. ಆಮೇಲೆ ಅಮೆರಿಕದಲ್ಲಿ ಅದರ ಬ್ಲೂ-ರೇ ಬರಲು 2024 ಆಯಿತು! ಎರಡು ದಶಕ ಆ ಸಿನಿಮಾವನ್ನು ಅಲ್ಲಿ ಡಿಸ್ಕಿನಲ್ಲಿ ಕೊಂಡರೆ ಸಿಗುತ್ತಿದ್ದದ್ದು ಡಿವಿಡಿ ಮಾತ್ರ. ಟೇಪು ಇಟ್ಟುಕೊಂಡವರು ಮೀಸೆ ತಿರುವಿಕೊಂಡು ಓಡಾಡಿದರು.

ಚಿತ್ರ ನಿಜವಾಗಿ ಅಷ್ಟು ಚೆನ್ನಾಗಿತ್ತಾ? ಈಗ ನೋಡಿದರೆ?

ಚೆನ್ನಾಗಿತ್ತು. ಈಗ ನೋಡಿದರೂ ಮುಖ ಸಿಂಡರಿಸುವಂಥದ್ದೇನಲ್ಲ. ಎಂಪೆಗ್-2 ಹಳೇ ತಂತ್ರ, ಹಾಗಾಗಿ ಜಾಸ್ತಿ ಬಿಟ್ ಬೇಕು, ಆದರೆ ಟೇಪು ಆ ಬಿಟ್‌ಗಳನ್ನು ಧಾರಾಳವಾಗಿ ಕೊಡುತ್ತಿತ್ತು. 2006ರಲ್ಲಿ ಬಂದ ಮೊದಮೊದಲ ಸೋನಿ ಬ್ಲೂ-ರೇ ಡಿಸ್ಕುಗಳೂ ಎಂಪೆಗ್-2ನಲ್ಲೇ, 25 ಜಿಬಿ ಪದರದಲ್ಲೇ ಬಂದವು. ಟೇಪಿನವರು ಅದನ್ನು ನೋಡಿ, ಇದರಲ್ಲಿ ಹೊಸದೇನು ಅಂತ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ.

ಧ್ವನಿಯಲ್ಲೂ ಹಾಗೇ. ಡಿವಿಡಿಯ ಡಾಲ್ಬಿ ಸೆಕೆಂಡಿಗೆ 448 ಕಿಲೋಬಿಟ್‌ಗೆ ನಿಲ್ಲುತ್ತದೆ. ಡಿ-ಥಿಯೇಟರ್‌ನಲ್ಲಿ 576. ಕೆಲವು ಟೇಪುಗಳಲ್ಲಿ ಡಿಟಿಎಸ್ ಅನ್ನುವ ಇನ್ನೊಂದು ಧ್ವನಿ ಪದ್ಧತಿ ಕೂಡ ಇತ್ತು.

ಖಾಲಿ ಟೇಪು ದುಬಾರಿಯಾಗಿತ್ತಾ?

ಹೌದು. ಅದಕ್ಕೇ ಎಸ್-ವಿಎಚ್‌ಎಸ್ ಟೇಪು ಹುಡುಕಿದರು. ಒಳಗಿನ ಟೇಪು ಹೆಚ್ಚುಕಡಿಮೆ ಅದೇ ದರ್ಜೆಯದ್ದು. ಕ್ಯಾಸೆಟ್ಟಿನ ಅಡಿಯಲ್ಲಿ ಒಂದು ತೂತು ಇದ್ದರೆ ಡೆಕ್ ಇದು ಡಿ-ವಿಎಚ್‌ಎಸ್ ಅಂತ ತಿಳಿಯುತ್ತದೆ. ಡ್ರಿಲ್ ತೆಗೆದುಕೊಂಡು ತೂತು ಕೊರೆದವರು ಬಹಳ ಮಂದಿ. ಹೀಗೆ ಮಾಡಿದರೆ ಪ್ಲಾಸ್ಟಿಕ್ ಪುಡಿ ಒಳಗೆ ಬೀಳದಂತೆ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಟೇಪು ಓದುವ ಹೆಡ್ ಹೋಯಿತು.

ತೊಂದರೆಗಳೇನು?

ಟೇಪಿನ ತೊಂದರೆ ಎಲ್ಲ ಇದಕ್ಕೂ ಇದೆ. ಒಂದು ವ್ಯತ್ಯಾಸ ಇದೆ. ಹಳೇ ವಿಎಚ್‌ಎಸ್‌ನಲ್ಲಿ ಟೇಪು ಸ್ವಲ್ಪ ಹಾಳಾದರೆ ಒಂದು ಬಿಳಿ ಗೆರೆ ಓಡಿ ಹೋಗುತ್ತಿತ್ತು, ನಾವು ಲೆಕ್ಕಿಸುತ್ತಿರಲಿಲ್ಲ. ಡಿಜಿಟಲ್‌ನಲ್ಲಿ ಸಣ್ಣ ತಪ್ಪನ್ನು ಯಂತ್ರ ತಾನೇ ತಿದ್ದಿಕೊಳ್ಳುತ್ತದೆ, ಏನೂ ಕಾಣುವುದಿಲ್ಲ. ಮಿತಿ ಮೀರಿದರೆ ಮಾತ್ರ ಚಿತ್ರ ಚೌಕ ಚೌಕವಾಗಿ ಒಡೆದು, ಧ್ವನಿ ಕಟ್ ಆಗಿ, ಒಂದು ಕ್ಷಣ ಎಲ್ಲ ನಿಂತುಬಿಡುತ್ತದೆ. ಕಥೆಯ ಮುಖ್ಯ ಘಟ್ಟದಲ್ಲೇ ಹೀಗಾಗುವುದು ರೂಢಿ, ಯಾಕೋ ಗೊತ್ತಿಲ್ಲ.

ಇನ್ನೊಂದು ತಲೆನೋವು ಡೆಕ್ಕಿಂದ ಡೆಕ್ಕಿಗೆ ಹೊಂದಿಕೆ. ಒಂದರಲ್ಲಿ ರೆಕಾರ್ಡ್ ಮಾಡಿದ ಟೇಪು ಇನ್ನೊಂದರಲ್ಲಿ ಕೆಲವೊಮ್ಮೆ ತೊದಲುತ್ತದೆ. ಟೇಪಿನ ಮೇಲೆ ಓರೆಯಾಗಿ ಬರೆದ ಗೆರೆಗಳು ಕೂದಲಿಗಿಂತ ತೆಳ್ಳಗೆ. ಟೇಪನ್ನು ಹಾದಿಯಲ್ಲಿ ಹಿಡಿಯುವ ಗೂಟಗಳು ಒಂಚೂರು ಆಚೀಚೆ ಆದರೂ ಹೆಡ್ ಗೆರೆ ತಪ್ಪುತ್ತದೆ. ಟೇಪನ್ನೂ ಅದನ್ನು ಬರೆದ ಡೆಕ್ಕನ್ನೂ ಒಟ್ಟಿಗೇ ಮಾರುವವರು ಇರುವುದು ಇದಕ್ಕೇ.

ಇಷ್ಟೆಲ್ಲ ಇದ್ದೂ ಯಾಕೆ ಮುಳುಗಿತು?

ಕೊಂದದ್ದು ಬ್ಲೂ-ರೇ ಅಂತ ಹೇಳುತ್ತಾರೆ. ಅರ್ಧ ಸತ್ಯ. ಬ್ಲೂ-ರೇ, ಅದರ ಎದುರಾಳಿ ಡಿಸ್ಕ್ ಎಚ್‌ಡಿ ಡಿವಿಡಿ ಎರಡೂ 2006ರಲ್ಲಿ ಬಂದಾಗ ಡಿ-ಥಿಯೇಟರ್ ಆಗಲೇ ನಿಂತಿತ್ತು.

ರೆಕಾರ್ಡಿಂಗ್ ಕಡೆ ಹೊಡೆತ ಕೊಟ್ಟದ್ದು ಹಾರ್ಡ್‌ಡಿಸ್ಕ್. 2004ರ ಹೊತ್ತಿಗೆ ಎಚ್‌ಡಿ ರೆಕಾರ್ಡ್ ಮಾಡುವ ಟಿವೋ ಥರದ ಪೆಟ್ಟಿಗೆಗಳು ಬಂದವು. ಟೇಪು ಬದಲಿಸುವ ಕೆಲಸ ಇಲ್ಲ, ಹುಡುಕುವ ಕೆಲಸ ಇಲ್ಲ. ಜನಕ್ಕೆ ಬೇಕಾಗಿದ್ದದ್ದು ಇವತ್ತು ರೆಕಾರ್ಡ್ ಮಾಡಿ ನಾಳೆ ನೋಡುವುದು, ಅಷ್ಟೇ. ವರ್ಷಗಟ್ಟಲೆ ಇಟ್ಟುಕೊಳ್ಳಬೇಕು ಅನ್ನುವವರು ಎಷ್ಟು ಜನ ಇರುತ್ತಾರೆ? ಜಪಾನಿನಲ್ಲಂತೂ ಸೋನಿ 2003ರ ಏಪ್ರಿಲಿನಲ್ಲೇ ಬ್ಲೂ-ರೇ ರೆಕಾರ್ಡರ್ ತಂದಿತ್ತು.

ಸಿನಿಮಾ ಕಡೆ ಸ್ಟುಡಿಯೋಗಳ ಅರೆಮನಸ್ಸು. ಪ್ರಚಾರವೇ ಇರಲಿಲ್ಲ. ಆ ಹೊತ್ತಿಗೆ ಜನಕ್ಕೆ ಡಿಸ್ಕ್ ಅಂದರೆ ಹೊಸದು, ಟೇಪು ಅಂದರೆ ಹಳತು. ಅಂಗಡಿಗೆ ಬಂದವರಿಗೆ ಟೇಪು ತೋರಿಸಿ ಇದು ಡಿವಿಡಿಗಿಂತ ಒಳ್ಳೆಯದು ಅಂದರೆ ನಗುತ್ತಿದ್ದರು. ಪರದೆ ಮೇಲೆ ತೋರಿಸಿದರೆ ಬಾಯಿ ಮುಚ್ಚುತ್ತಿದ್ದರು, ಆದರೆ ಹಾಗೆ ತೋರಿಸುವ ಅಂಗಡಿಗಳು ಎಷ್ಟಿದ್ದವು?

ಕ್ಯಾಮೆರಾದವರು ಸ್ವಲ್ಪ ಕಾಲ ಉಸಿರು ಕೊಟ್ಟರು. 2003ರಲ್ಲಿ ಜೆವಿಸಿ ಜಿಆರ್-ಎಚ್‌ಡಿ1 ಅನ್ನುವ ಮನೆಬಳಕೆಯ ಎಚ್‌ಡಿ ಕ್ಯಾಮ್‌ಕಾರ್ಡರ್ ತಂದಿತು. ಅದರಲ್ಲಿ ತೆಗೆದದ್ದನ್ನು ಫೈರ್‌ವೈರ್ ಮೂಲಕ ಡಿ-ವಿಎಚ್‌ಎಸ್‌ಗೆ ಇಳಿಸಿ ನೋಡಬಹುದಿತ್ತು. ಆ ದಿನಗಳಲ್ಲಿ ಮಕ್ಕಳ ಹುಟ್ಟುಹಬ್ಬವನ್ನು ಎಚ್‌ಡಿಯಲ್ಲಿ ತೋರಿಸಲು ಇದಕ್ಕಿಂತ ಒಳ್ಳೇ ದಾರಿ ಇರಲಿಲ್ಲ.

ಭಾರತಕ್ಕೆ ಬಂದಿತ್ತಾ?

ಇಲ್ಲಿನ ಅಂಗಡಿಗಳಲ್ಲಿ ಇದನ್ನು ಮಾರಲಿಲ್ಲ. ಬಂದಿದ್ದರೂ ರೆಕಾರ್ಡ್ ಮಾಡಲು ಏನಿತ್ತು? ನಮ್ಮಲ್ಲಿ ಎಚ್‌ಡಿ ಪ್ರಸಾರ ಶುರುವಾದದ್ದೇ 2010ರಲ್ಲಿ, ದೆಹಲಿಯ ಕಾಮನ್‌ವೆಲ್ತ್ ಕ್ರೀಡೆಯ ಆಸುಪಾಸಿನಲ್ಲಿ. ಆ ಹೊತ್ತಿಗೆ ಅಲ್ಲಿ ಟೇಪಿನ ಕಥೆ ಮುಗಿದಿತ್ತು. ನಮ್ಮ ಕಡೆಯವರಲ್ಲಿ ಇದನ್ನು ಕಂಡವರು ಆಗ ಅಮೆರಿಕದಲ್ಲಿ ಕೆಲಸಕ್ಕಿದ್ದವರು.

ನಮ್ಮ ಮದುವೆಯ ವಿಎಚ್‌ಎಸ್ ಕ್ಯಾಸೆಟ್ ಇದರಲ್ಲಿ ಹಾಕಿದರೆ ಚೆನ್ನಾಗಿ ಕಾಣುತ್ತಾ?

ಅಮೆರಿಕದ ಅಥವಾ ಜಪಾನಿನ ಡೆಕ್ ಆದರೆ ಕಾಣುವುದೇ ಇಲ್ಲ ಅಂದುಕೊಳ್ಳಿ. ನಮ್ಮದು ಪಾಲ್ ಪದ್ಧತಿ, 625 ಗೆರೆ, 50 ಹರ್ಟ್ಜ್. ಅವರದ್ದು ಎನ್‌ಟಿಎಸ್‌ಸಿ, 525 ಗೆರೆ, 60 ಹರ್ಟ್ಜ್. ಯುರೋಪಿಗೆಂದು ಜೆವಿಸಿ ಪಾಲ್ ಡಿ-ವಿಎಚ್‌ಎಸ್ ಡೆಕ್ ಮಾಡಿತ್ತು, ಸಿಗುವುದು ಕಷ್ಟ. ಸಿಕ್ಕರೂ ಹಳೇ ಕ್ಯಾಸೆಟ್ಟಿನ ಚಿತ್ರ ಎಚ್‌ಡಿ ಆಗುವುದಿಲ್ಲ. ಟೇಪಿನಲ್ಲಿ ಇಲ್ಲದ್ದನ್ನು ಯಾವ ಡೆಕ್ಕೂ ತಂದುಕೊಡುವುದಿಲ್ಲ.

ಮದುವೆ ಕ್ಯಾಸೆಟ್ಟಿಗೆ ಯಾರಾದರೂ ದುಬೈನಿಂದಲೋ ಕುವೈತ್‌ನಿಂದಲೋ ತಂದ ಮಲ್ಟಿಸಿಸ್ಟಮ್ ವಿಸಿಆರ್ ಇದ್ದರೆ ಅದೇ ಸಾಕು. ಮಂಗಳೂರು, ಉಡುಪಿ ಕಡೆ ಹಲವು ಮನೆಗಳ ಅಟ್ಟದಲ್ಲಿ ಇನ್ನೂ ಇರಬಹುದು, ವಿಚಾರಿಸಿ ನೋಡಿ.

ಈಗ ಒಂದು ಡೆಕ್ ಕೊಳ್ಳಬೇಕು ಅಂತಿದೆ. ಏನು ನೋಡಬೇಕು?

ಮೊದಲು ಮುಂಭಾಗದಲ್ಲಿ ಡಿ-ಥಿಯೇಟರ್ ಗುರುತು ಇದೆಯಾ ನೋಡಿ. ಸಿನಿಮಾ ಟೇಪು ಬೇಕಿದ್ದರೆ ಅದಿಲ್ಲದ ಡೆಕ್ ವ್ಯರ್ಥ. ದೇಶವೂ ಮುಖ್ಯ. ಡಿ-ಥಿಯೇಟರ್ ಟೇಪಿಗೆ ಡಿವಿಡಿಯ ಹಾಗೆ ಪ್ರದೇಶದ ಬೀಗ ಇದೆ, ಅಮೆರಿಕದ ಟೇಪಿಗೆ ಅಮೆರಿಕದ ಡೆಕ್ಕೇ ಬೇಕು.

ಆಮೇಲೆ ಮಾರುವವರನ್ನು ಒಂದು ಪ್ರಶ್ನೆ ಕೇಳಿ: ಎಚ್‌ಡಿ ಟೇಪು ಹಾಕಿ ಓಡಿಸಿದ ವಿಡಿಯೋ ಇದೆಯಾ? ಸಾದಾ ವಿಎಚ್‌ಎಸ್ ಓಡುತ್ತದೆ ಅಂದರೆ ನಂಬಿ ದುಡ್ಡು ಕೊಡಬೇಡಿ. ವಿಎಚ್‌ಎಸ್ ಚೆನ್ನಾಗಿ ಓಡಿಸಿ, ಡಿಜಿಟಲ್ ಟೇಪಿಗೆ ಖಾಲಿ ನೀಲಿ ಪರದೆ ತೋರಿಸುವ ಡೆಕ್‌ಗಳು ಬೇಕಾದಷ್ಟಿವೆ.

ಕರೆಂಟ್ ವಿಷಯ ಮರೆಯಬೇಡಿ. ಅಮೆರಿಕದ ಡೆಕ್‌ಗೆ 120 ವೋಲ್ಟ್, ಜಪಾನಿನದಕ್ಕೆ 100. ನಮ್ಮ 230ಕ್ಕೆ ಸುಮ್ನೆ ಪ್ಲಗ್ ಹಾಕಿದರೆ ಹೊಗೆ ಬರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ. 120ರದ್ದಾ 100ರದ್ದಾ ಅಂತ ಸ್ಪಷ್ಟವಾಗಿ ಹೇಳಿ ತನ್ನಿ.

ನನ್ನ ಹತ್ತಿರ ಅಮೆರಿಕದಲ್ಲಿ ರೆಕಾರ್ಡ್ ಮಾಡಿದ ಟೇಪುಗಳಿವೆ. ಕಂಪ್ಯೂಟರಿಗೆ ಹಾಕುವುದು ಹೇಗೆ?

ಬೇಗ ಮಾಡಿ. ಟೇಪಿಗಿಂತ ಮೊದಲು ಡೆಕ್ ಸಾಯುತ್ತದೆ.

ಫೈರ್‌ವೈರ್ ಕಿಂಡಿ ಇರುವ ಹಳೇ ಕಂಪ್ಯೂಟರ್ ಒಂದನ್ನು ಇದಕ್ಕೆಂದೇ ಇಟ್ಟುಕೊಳ್ಳುವುದು ಸುಲಭದ ದಾರಿ. ಹಳೇ ಮ್ಯಾಕ್‌ಮಿನಿಯೋ, ಫೈರ್‌ವೈರ್ ಕಾರ್ಡ್ ಹಾಕಿದ ಹಳೇ ವಿಂಡೋಸ್ ಡೆಸ್ಕ್‌ಟಾಪೋ ಯಾವುದಾದರೂ ಆದೀತು. ಹೊಸ ಮ್ಯಾಕ್‌ಗಳಲ್ಲಿ ಆ ಕಿಂಡಿಯೇ ಇಲ್ಲ. ಟೇಪು ಓಡಿದಷ್ಟೇ ಹೊತ್ತು ಕಾಪಿಗೂ ಬೇಕು, ಎರಡು ಗಂಟೆಯ ಟೇಪಿಗೆ ಎರಡು ಗಂಟೆ. ಬಂದ ಕಡತ ವಿಎಲ್‌ಸಿ ಅನ್ನುವ ವಿಡಿಯೋ ಪ್ಲೇಯರ್‌ನಲ್ಲಿ ಹಾಗೇ ಓಡುತ್ತದೆ, ಬೇರೆ ರೂಪಕ್ಕೆ ಬದಲಿಸುವ ಅವಸರ ಬೇಡ. ನಡುವೆ ಚೌಕ ಚೌಕ ಕಂಡರೆ ಆ ಭಾಗವನ್ನು ಮತ್ತೊಮ್ಮೆ ಓಡಿಸಿ. ಎರಡನೇ ಸಲ ಸರಿಯಾಗಿ ಬರುವುದು ಎಷ್ಟೋ ಸಲ ಉಂಟು.

ಕಾಪಿ ತಡೆ ಇರುವ ರೆಕಾರ್ಡಿಂಗ್, ಡಿ-ಥಿಯೇಟರ್ ಸಿನಿಮಾ ಈ ದಾರಿಯಲ್ಲಿ ಬರುವುದಿಲ್ಲ.

ಟೇಪುಗಳನ್ನು ಹೇಗೆ ಇಡಬೇಕು?

ಪೂರ್ತಿ ರಿವೈಂಡ್ ಮಾಡಿ, ಡಬ್ಬಿಯಲ್ಲಿ ಹಾಕಿ, ಪುಸ್ತಕದ ಹಾಗೆ ನಿಲ್ಲಿಸಿಡಿ. ಸ್ಪೀಕರ್ ಪಕ್ಕ ಬೇಡ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಹುಷಾರು. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಡೆಕ್‌ಗೆ ಹಾಕಲೇಬೇಡಿ. ಒಂದು ಬೂಷ್ಟು ಹಿಡಿದ ಟೇಪು ಹೆಡ್ಡನ್ನು ಕೊಳೆ ಮಾಡುತ್ತದೆ, ಆ ಹೆಡ್ಡು ಉಳಿದ ಟೇಪುಗಳಿಗೆಲ್ಲ ಅದನ್ನು ಹಂಚುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ವರ್ಷಕ್ಕೊಮ್ಮೆ ತೆಗೆದು ನೋಡಿದರೆ ಸಾಕು.